ಇಪ್ಪತ್ತಕ್ಕೆ ಒಡೆಯುತ್ತದೆ

ಈಶಪ್ಪ ಬುದ್ಧಿವಂತ ಎಂದು ನಂಬಿದವರು ಊರಿನಲ್ಲಿ ಇಬ್ಬರೇ ಇದ್ದರು. ಒಬ್ಬ ಸ್ವತಃ ಈಶಪ್ಪ. ಇನ್ನೊಬ್ಬನನ್ನು ಆತ ಇನ್ನೂ ಹುಡುಕುತ್ತಿದ್ದ.

ಶಹಾಪುರ ತಾಲೂಕಿನಲ್ಲಿ, ವನದುರ್ಗದ ಆಚೆಗೆ, ದೊಡ್ಡ ಕಾಲುವೆಯಿಂದ ಒಂದು ಸಣ್ಣ ಕಾಲುವೆ ಹೊರಳಿ ಹೋಗುವ ಜಾಗದಲ್ಲಿ ಒಂದು ಗೇಟು ಇದೆ. ಆ ಗೇಟಿನ ಚಕ್ರ ತಿರುವುವುದು ಈಶಪ್ಪನ ನೌಕರಿ. ಗೇಟಿನ ಪಕ್ಕ ಒಂದು ಸಣ್ಣ ಖೋಲಿ, ಖೋಲಿಗೆ ಒಂದು ತಗಡಿನ ಬಾಗಿಲು. ನೀರು ಯಾವ ತಾರೀಖಿನಿಂದ ಚಾಲೂ, ಯಾವ ತಾರೀಖಿನಿಂದ ಬಂದ್ ಎಂಬುದನ್ನು ಈಶಪ್ಪ ಆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕು. ಅದನ್ನು ಓದಿಕೊಂಡು ರೈತರು ಗೊಬ್ಬರ ಹಾಕುತ್ತಿದ್ದರು, ಬೀಗರ ಊರಿಗೆ ಹೋಗುತ್ತಿದ್ದರು, ಮದುವೆಯ ಮುಹೂರ್ತವನ್ನೂ ಹಿಂದೆ ಮುಂದೆ ಮಾಡುತ್ತಿದ್ದರು. ಹೀಗಾಗಿ ಆ ಬಾಗಿಲ ಬರಹಕ್ಕೆ ಇದ್ದ ಮರ್ಯಾದೆ ಬರೆದವನಿಗೆ ಇರಲಿಲ್ಲ.

ಮರ್ಯಾದೆ ಇಲ್ಲದಿರುವುದಕ್ಕೆ ಕಾರಣವೂ ಇತ್ತು. ಎರಡು ವರ್ಷದ ಹಿಂದೆ ಈಶಪ್ಪ ಜೇನು ಸಾಕಲು ಪೆಟ್ಟಿಗೆ ತಂದಿದ್ದ. ಜೇನು ಪೆಟ್ಟಿಗೆಯನ್ನು ಬಿಟ್ಟು ಪಂಚಾಯಿತಿ ಮೆಂಬರ್ ತಿಮ್ಮಣ್ಣನ ಮನೆಯ ತೊಲೆಗೆ ಕೂತಿತು. ತಿಮ್ಮಣ್ಣ ಎಂಟು ದಿನ ಬಾತ ಮೋರೆ ಹೊತ್ತು ಮೀಟಿಂಗ್ ನಡೆಸಿದ. ಮರುವರ್ಷ ಅಣಬೆ. ಅಣಬೆ ಏಳಲಿಲ್ಲ, ವಾಸನೆ ಎದ್ದಿತು. ಮೂರನೆಯದಾಗಿ ಈಶಪ್ಪ ಥರ್ಮಾಕೋಲಿನ ಒಂದು ಡಬ್ಬಿಯನ್ನು ಎದೆಗೆ ಅವಚಿಕೊಂಡು ಯಾದಗಿರಿ ಬಸ್ಸಿನಿಂದ ಇಳಿದಾಗ ಹೆಂಡತಿ ದೇವಕಮ್ಮ ಅಲ್ಲೇ ರಸ್ತೆಯ ಬದಿಯಲ್ಲಿ ಕೂತುಬಿಟ್ಟಳು.

"ಇದೇನ್ ತಂದ್ರಿ ಮತ್ತ?"

"ಮರಿ ಮಾಡೋ ಮಷೀನ್. ಒಳಗ ಬಲ್ಬ್ ಅದ, ಕಾವು ಅಳೆಯೋ ಮೀಟರ್ ಅದ, ಮ್ಯಾಲ ಗಾಜಿನ ಮುಚ್ಚಳ ಅದ. ಕೋಳಿ ಬೇಕಾಗಂಗಿಲ್ಲ. ಕರೆಂಟ್ ತಾನೇ ಕಾವಿಗೆ ಕೂಡ್ತದ."

"ಮೊಟ್ಟಿ ಯಾವುವು?"

ಈಶಪ್ಪ ಜೇಬಿನಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದ. ಗೌಜಲ ಹಕ್ಕಿಯ ಮೊಟ್ಟೆಗಳು. ಸುರಪುರದ ಹತ್ತಿರ ಗೌಜಲ ಸಾಕುವ ಉಸ್ಮಾನಸಾಬನಿಂದ ತಂದವು. ಒಟ್ಟು ಮೂವತ್ತು. ಹುಣಸೆಬೀಜಕ್ಕಿಂತ ದೊಡ್ಡವು, ನಿಂಬೆಹಣ್ಣಿಗಿಂತ ಸಣ್ಣವು, ಮೈತುಂಬ ಕರಿ ಚುಕ್ಕೆ.

ದೇವಕಮ್ಮ ಒಂದನ್ನು ಎತ್ತಿ ನೋಡಿದಳು. "ಇವಕ್ಕ ಆಗಲೇ ಸಿಡುಬು ಎದ್ದದ" ಎಂದು ವಾಪಸು ಇಟ್ಟಳು.

ಆ ಸಂಜೆ ಮನೆಯಲ್ಲಿ ದೇವಕಮ್ಮ ಷರತ್ತು ಹಾಕಿದಳು. ಷರತ್ತು ಎರಡು. ಒಂದು, ಇವು ಮರಿಯಾಗಿ ಹೊರಗೆ ಬರುವವರೆಗೆ ಮೊಟ್ಟೆ ಎಂಬ ಶಬ್ದ ಊರಿನ ಯಾರ ಕಿವಿಗೂ ಬೀಳಬಾರದು. ಜೇನಿನ ನಗು ಇನ್ನೂ ನಿಂತಿಲ್ಲ. ಎರಡನೆಯದನ್ನು ಆಕೆ ಬೆರಳು ಎತ್ತಿ ಹೇಳಿದಳು: "ಒಂದಾದ್ರೂ ಒಡೀಲಿಲ್ಲಂದ್ರ ಇನ್ಮ್ಯಾಲ ಸಂತಿಯಿಂದ ಕಾಯಿಪಲ್ಲೆ ಬಿಟ್ಟು ಬ್ಯಾರೆ ಏನೂ ತರಂಗಿಲ್ಲಂತ ನನ್ನ ತೆಲಿ ಮುಟ್ಟಿ ಆಣಿ ಮಾಡ್ರಿ."

ಈಶಪ್ಪ ಆಣೆ ಮಾಡಿದ. ಮಾಡಿದ ಮೇಲೆ ಅದರ ಅರ್ಥ ಹೊಳೆಯಿತು. ಬದುಕಿರುವಷ್ಟು ಕಾಲ ಬರೀ ಬದನೆಕಾಯಿ, ಸೌತೆಕಾಯಿ ಹೊತ್ತು ತರುವ ಮನುಷ್ಯನಾಗಿ ಉಳಿಯುವುದೆಂದರೆ ಅವನಂಥ ಸಂಶೋಧಕನಿಗೆ ಜೀವಾವಧಿ ಶಿಕ್ಷೆಗೆ ಸಮ. ಹೇಗಾದರೂ ಮಾಡಿ ಒಂದಾದರೂ ಮರಿಯಾಗಲೇಬೇಕಿತ್ತು.

ಉಸ್ಮಾನಸಾಬ ಹೇಳಿಕೊಟ್ಟ ಕ್ರಮ ಸರಳವಾಗಿತ್ತು. "ನೋಡ್ರಿ ಈಶಪ್ಪಣ್ಣ, ಹದಿನಾಲ್ಕು ದಿನ ದಿನಕ್ಕ ಮೂರು ಸಲ ತಿರುವ್ರಿ. ಆಮ್ಯಾಲ ತಿರುವೋದು ಬಂದ್. ಡಬ್ಬಿಯೊಳಗಿನ ಬಟ್ಟಲದಾಗ ನೀರು ಜಾಸ್ತಿ ಹಾಕ್ರಿ. ಮುಚ್ಚಳ ಬಿಲ್ಕುಲ್ ಮುಟ್ಟಬ್ಯಾಡ್ರಿ. ಹದಿನೇಳು ದಿನ ತುಂಬಿದ ಮ್ಯಾಲ ತಾವೇ ಒಡೀತಾವ. ಬಟೇರ್ ಅಂದ್ರ, ಈ ನಿಮ್ಮ ಗೌಜಲ, ಟೈಮಿಗೆ ಪಕ್ಕಾ."

ಕೇಳಿದ್ದನ್ನು ಮನೆ ಮುಟ್ಟುವಷ್ಟರಲ್ಲಿ ಮರೆಯುವುದು ಈಶಪ್ಪನ ಹುಟ್ಟುಗುಣ. ಆದ್ದರಿಂದ ಬರೆದಿಡಬೇಕು. ಮನೆಯಲ್ಲಿ ಕಾಗದದ ಮೇಲೆ ಬರೆದರೆ ಬಂದು ಹೋಗುವವರ ಕಣ್ಣಿಗೆ ಬೀಳುತ್ತದೆ. ದಿನಕ್ಕೆ ಮೂರು ಸಲ ತಪ್ಪದೆ ತಾನು ನೋಡುವ ಜಾಗ ಯಾವುದು ಎಂದು ಆತ ಬಹಳ ಆಳವಾಗಿ ಯೋಚಿಸಿದ. ಗೇಟಿನ ಖೋಲಿಯ ಬಾಗಿಲು! ಮರುದಿನವೇ ಹೋಗಿ ಚಂದಾಗಿ, ದುಂಡಗೆ, ಗುಟ್ಟು ಕಾಪಾಡುವ ಸಲುವಾಗಿ ಮೊಟ್ಟೆ ಎಂಬ ಶಬ್ದವನ್ನು ಜಾಣತನದಿಂದ ಬಿಟ್ಟು, ಹೀಗೆ ಬರೆದ:

"ತಾ. 3ರಿಂದ 16: ದಿನಕ್ಕೆ ಮೂರು ಸಲ ತಿರುವುವುದು.
ತಾ. 17ರಿಂದ ತಿರುವುವುದು ಬಂದ್. ನೀರು ಜಾಸ್ತಿ. ಯಾರೂ ಮುಟ್ಟಬಾರದು.
ತಾ. 20ಕ್ಕೆ ಒಡೆಯುತ್ತದೆ."

ಎರಡು ಹೆಜ್ಜೆ ಹಿಂದೆ ಸರಿದು ಓದಿ ನೋಡಿದ. ಮೊಟ್ಟೆಯ ಸುಳಿವೇ ಇರಲಿಲ್ಲ. ತನ್ನ ಜಾಣತನಕ್ಕೆ ತಾನೇ ತಲೆದೂಗಿ ಮನೆಗೆ ಹೋದ.

ನೀರು ಚಾಲೂ ಇರುವಾಗ ಆ ಬಾಗಿಲು ನೋಡುವವರು ಕಡಿಮೆ. ಹದಿನೈದನೇ ತಾರೀಖಿಗೆ ಮೊದಲು ಓದಿದವಳು ಕರೆಮ್ಮ. ಕಾಲುವೆಯ ಏರಿಯ ಬುಡದಲ್ಲೇ ಆಕೆಯ ಕಣ. ಕಣದ ತುಂಬ ಆಗ ತಾನೇ ಕಿತ್ತ ಕೆಂಪು ಮೆಣಸಿನಕಾಯಿ ಒಣಗಲು ಹರವಿತ್ತು. ಅಕ್ಷರ ಕೂಡಿಸಿ ಕೂಡಿಸಿ ಓದುವ ಹೆಂಗಸು. "ಒ... ಡೆ... ಯು... ತ್ತ... ದೆ" ಎಂದು ಓದಿ ಮುಗಿಸಿದವಳೇ ತಲೆಯೆತ್ತಿ ಕಾಲುವೆಯ ಏರಿಯನ್ನು ನೋಡಿದಳು. ಏರಿ ಆಕೆಯ ಕಣ್ಣೆದುರೇ ಒಂದು ಗೇಣು ಬಾಗಿದಂತೆ ಕಂಡಿತು. ನೇರ ಈಶಪ್ಪನ ಮನೆಗೆ ಬಂದಳು.

"ಈಶಪ್ಪ ತಮ್ಮಾ, ಬಾಗಲಿಗಿ ಬರದೀಯಲ್ಲ, ಅದು ಖರೇ ಏನು? ಇಪ್ಪತ್ತಕ್ಕ ಒಡೀತದ?"

ಈಶಪ್ಪನಿಗೆ ಗಾಬರಿ. ಗುಟ್ಟು ಹೇಗೆ ರಟ್ಟಾಯಿತು? ಆದರೆ ಕರೆಮ್ಮ ನಗುತ್ತಿರಲಿಲ್ಲ. ಆಕೆಯ ಮುಖದಲ್ಲಿ ಭಯವಿತ್ತು, ಗೌರವವೂ ಇತ್ತು. ತನ್ನ ಕೆಲಸದ ಬಗ್ಗೆ ಯಾರೋ ಇಷ್ಟು ಗಂಭೀರವಾಗಿ ಕೇಳಿದ್ದು ಜೀವನದಲ್ಲಿ ಅದೇ ಮೊದಲು. ಈಶಪ್ಪ ದನಿ ತಗ್ಗಿಸಿದ.

"ಖರೇ ಅಕ್ಕಾ. ಆದ್ರ ಯಾರಿಗೂ ಹೇಳಬ್ಯಾಡ."

"ಅಯ್ಯ ನನ್ನಪ್ಪಾ! ಹೇಳಬ್ಯಾಡೇನು? ಒಡೀದಂಗ ಏನೂ ಮಾಡಾಕ ಬರಂಗಿಲ್ಲೇನು?"

"ಒಡೀದಂಗ ಯಾಕ ಮಾಡಬೇಕು? ಒಡೀಲಿ ಅಂತೇ ನಾ ಇಷ್ಟು ಕಷ್ಟಪಡಾಕತ್ತೇನಿ!"

ಕರೆಮ್ಮ ಗೋಡೆ ಹಿಡಿದುಕೊಂಡಳು. "ನೀ... ನೀನೇ ಒಡಸಾಕತ್ತೀಯೇನು?"

"ನಾ ಒಡಸಂಗಿಲ್ಲ. ಕೈ ಹಚ್ಚಿದ್ರ ಕೆಡ್ತದ. ತಾನಾಗೇ ಒಡೀಬೇಕು, ಒಳಗಿಂದ. ಮೊದಲ ಒಂದು ಸಣ್ಣ ಬಿರುಕು ಬೀಳ್ತದ, ಆಮ್ಯಾಲ ನೋಡವ್ವ ಮಜಾ."

ಮಜಾ ಎಂಬ ಮಾತು ಕೇಳಿ ಕರೆಮ್ಮ ಓಡಿದಳು. ಆಕೆಯ ಒಂದು ಕಾಲಿನ ಚಪ್ಪಲಿ ಈಶಪ್ಪನ ಅಂಗಳದಲ್ಲೇ ಉಳಿಯಿತು.

ಮರುದಿನ ಕುರಿಗಾರ ಹುಲಗಪ್ಪ ಗೇಟಿನ ಹತ್ತಿರ ಸಿಕ್ಕ. ಆತನ ಕುರಿದಡ್ಡಿ ಇದ್ದದ್ದು ಕರೆಮ್ಮನ ಕಣದ ಕೆಳಗೆ.

"ಕಾಕಾ, ಒಡದ್ರ ಎಷ್ಟು ದೂರ ಹೋಗ್ತದ್ರಿ?" ಎಂದು ಕೇಳಿದ. ಆತ ನೀರು ಎಂದುಕೊಂಡು ಕೇಳಿದ್ದ.

"ಬಿಟ್ರ ಹಿಡಿಯಾಕ ಆಗಂಗಿಲ್ಲ ನೋಡು. ಹೊರಗ ಬಂದ ತಕ್ಷಣ ಓಡ್ತಾವಂತ. ಮನಿ ತುಂಬ ಆಗ್ತಾವ."

"ನಮ್ಮ ಮನೀಗೂ ಬರ್ತದೇನ್ರಿ?"

ಈಶಪ್ಪ ಉದಾರಿ. "ಬರ್ಲಿ ತಗೋ. ನಿನಗ ಇಲ್ಲನ್ನಂಗಿಲ್ಲ. ಮೊದಲನೇ ಪಾಲು ನಿನಗೇ."

ಹುಲಗಪ್ಪ ಅದೇ ಸಂಜೆ ನೂರಾ ಇಪ್ಪತ್ತು ಕುರಿ ಹೊಡೆದುಕೊಂಡು ಗುಡ್ಡ ಹತ್ತಿದ. ಕರೆಮ್ಮ ಮೆಣಸಿನಕಾಯಿಯನ್ನು ಚೀಲಕ್ಕೆ ತುಂಬಿ, ಇಪ್ಪತ್ತು ಚೀಲವನ್ನು ಒಂದೊಂದಾಗಿ ಶಾಲೆಯ ಮಾಳಿಗೆಯ ಮೇಲೆ ಏರಿಸಿದಳು. ಶಾಲೆಯ ಮಕ್ಕಳು ಮೂರು ದಿನ ಸೀನುತ್ತ ಮಗ್ಗಿ ಹೇಳಿದವು. ತಿಮ್ಮಣ್ಣ ತಗಡಿನ ಬಾಗಿಲಿನ ಫೋಟೋ ಹೊಡೆದು, ಕೆಳಗೆ "ಗೇಟ್‌ಮನ್ ಸ್ವತಃ ಬರೆದದ್ದು, ತಪ್ಪದೆ ಎಲ್ಲರಿಗೂ ಕಳಿಸಿ" ಎಂದು ಸೇರಿಸಿ ಮೊಬೈಲಿನಲ್ಲಿ ಊರೂರಿಗೆ ಹಾರಿಸಿದ. ಕಕ್ಕೇರಾದಿಂದ ದೇವಕಮ್ಮನ ತಂಗಿ ಫೋನ್ ಮಾಡಿ, "ಅಕ್ಕಾ, ನೀವು ಬಂದುಬಿಡ್ರಿ, ಇಲ್ಲಿ ನಮ್ಮ ಮನಿ ಎತ್ತರದಾಗ ಅದ" ಎಂದು ಅತ್ತಳು. ಕಾರಣ ಕೇಳುವಷ್ಟರಲ್ಲಿ ಅಳು ಜಾಸ್ತಿಯಾಗಿ ಫೋನು ಕಟ್ಟಾಯಿತು. ತಂಗಿಗೆ ಗಂಡನ ಜೊತೆ ಜಗಳವಾಗಿರಬೇಕು ಎಂದು ದೇವಕಮ್ಮ ತೀರ್ಮಾನಿಸಿದಳು.

ಇಷ್ಟೆಲ್ಲ ನಡೆಯುವಾಗ ಈಶಪ್ಪ ಎಲ್ಲಿದ್ದ? ಡಬ್ಬಿಯ ಮುಂದೆ. ಹದಿನೇಳನೇ ತಾರೀಖಿನಿಂದ ಆತ ಗೇಟಿಗೆ ಒಂದು ಓಟ, ಮನೆಗೆ ಒಂದು ಓಟ. ಉಳಿದ ಹೊತ್ತೆಲ್ಲ ಗಾಜಿಗೆ ಮೂಗು ಒತ್ತಿ ಕೂತಿರುತ್ತಿದ್ದ. ಮೂಗಿನ ತುದಿ ಚಪ್ಪಟೆಯಾದರೂ ಮೊಟ್ಟೆಗಳು ಮಾತ್ರ ಮೂವತ್ತು ಕಲ್ಲುಗಳಂತೆ ಬಿದ್ದಿದ್ದವು. ಬದನೆಕಾಯಿಯ ಭವಿಷ್ಯ ಕಣ್ಣೆದುರು ಬಂದು ಆತ ಎರಡು ದಿನ ಊಟ ಬಿಟ್ಟ.

ಹತ್ತೊಂಬತ್ತರ ಸಂಜೆ ಒಂದು ಮೊಟ್ಟೆ ಅಲುಗಿತು. ದೇವಕಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಗಾಜಿಗೆ ಕಿವಿ ಹಚ್ಚಿದಳು. ಒಳಗಿಂದ ಸೂಜಿಯಷ್ಟು ಸಣ್ಣ ದನಿ, ಚಿಂವ್.

"ಅಯ್ಯ" ಎಂದಳು ದೇವಕಮ್ಮ. ಷರತ್ತು ಹಾಕಿದವಳೇ ಕೈ ಮುಗಿದು ಡಬ್ಬಿಯ ಪಕ್ಕ ಕೂತಳು. ರೊಟ್ಟಿ ಹಂಚಿನ ಮೇಲೆ ಕರಿಯಾಯಿತು. ಇಬ್ಬರೂ ಅದನ್ನೇ ತಿಂದರು.

ಇಪ್ಪತ್ತನೇ ತಾರೀಖು ಬೆಳಿಗ್ಗೆ ಹತ್ತಕ್ಕೆ ಆರು ಮೊಟ್ಟೆಗಳಲ್ಲಿ ಬಿರುಕು ಕಂಡಿತು. ಹತ್ತೂ ಐದಕ್ಕೆ ಬಲ್ಬು ಆರಿತು.

ಈಶಪ್ಪ ಸ್ವಿಚ್ಚು ಬಡಿದ, ಬಲ್ಬು ಬಡಿದ, ಹಣೆ ಬಡಿದುಕೊಂಡ. ಮೀಟರಿನಲ್ಲಿ ಕಾವು ಇಳಿಯತೊಡಗಿತು. ಮೂವತ್ತೇಳು, ಮೂವತ್ತಾರು. "ಕರೆಂಟ್ ಯಾವ ಸೂ..." ಎಂದು ಶುರು ಮಾಡಿ, ಹುಟ್ಟಲಿರುವ ಕೂಸುಗಳ ಎದುರು ಬೈಗುಳ ಬೇಡವೆಂದು ನುಂಗಿಕೊಂಡು, ಲೈನ್‌ಮನ್‌ನನ್ನು ಹುಡುಕಿಕೊಂಡು ಹೊರಗೆ ಓಡಿದ.

ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಊರೆಲ್ಲ ಗುಡ್ಡದ ಮೇಲೆ ಇತ್ತು. ಕುರಿಗಳು, ಕೋಳಿಗಳು, ಹಾಸಿಗೆಯ ಸುರುಳಿಗಳು, ಒಂದು ಗ್ರೈಂಡರು, ಎಲ್ಲವೂ ಬಂಡೆಗಳ ಮೇಲೆ ಕೂತು ಕಾಲುವೆಯ ಕಡೆ ನೋಡುತ್ತಿದ್ದವು. ಏರಿಯ ಮೇಲೆ ಉಸುಕಿನ ಚೀಲಗಳ ರಾಶಿ, ಒಂದು ಜೆಸಿಬಿ. ಪಕ್ಕದಲ್ಲಿ ಜೀಪು, ಜೀಪಿನ ಮುಂದೆ ನೀರಾವರಿ ಕ್ಯಾಂಪಿನ ಇಂಜಿನಿಯರ್ ಸಾಹೇಬ. ಸಾಹೇಬರ ಮೊಬೈಲಿನಲ್ಲಿ ತಗಡಿನ ಬಾಗಿಲಿನ ಫೋಟೋ. ಏರಿಯ ಕಡೆ ಓಡಿ ಬಂದ ಈಶಪ್ಪನನ್ನು ಕಂಡದ್ದೇ ಅವರು ಹಾರಿ ಬಂದರು.

"ಬಂದ್ಯಾ? ಎಲ್ಲಿ ಒಡೀತದ, ತೋರಸು!"

"ಸಾಹೇಬ್ರ, ಕರೆಂಟ್ ಯಾರು ತಗದಾರ್ರಿ?"

"ನಾನೇ ತಗಸೀನಿ. ಏರಿ ಮ್ಯಾಲೆಲ್ಲ ಕಂಬ ಅದಾವ. ಒಡದ್ರ ತಂತಿ ನೀರಾಗ ಬೀಳ್ತಾವ."

"ಕರೆಂಟ್ ತಗದ್ರ ಒಡಿಯಂಗಿಲ್ರಿ!"

"ಒಡೀಬಾರದಂತೇ ಬಂದೀನಲೋ ನಾನು!"

"ಒಡೀಬೇಕ್ರಿ ಸಾಹೇಬ್ರ! ಇವತ್ತ ಒಡೀಲಿಲ್ಲಂದ್ರ ಎಲ್ಲಾ ಒಳಗೇ ಸಾಯ್ತಾವ್ರಿ! ಮೂವತ್ತು ಜೀವ ಅದಾವ!"

ಸಾಹೇಬರ ಮುಖ ಬೆಳ್ಳಗಾಯಿತು. "ಮೂವತ್ತು ಜೀವ? ಎಲ್ಲಿ?"

"ನಮ್ಮ ಮನ್ಯಾಗ್ರಿ! ಒಂದು ಡಬ್ಬಿಯೊಳಗ!"

ತಿಮ್ಮಣ್ಣ ಗುಡ್ಡದ ಮೇಲಿಂದಲೇ ಕೂಗಿ ಕೇಳಿದ, "ಏನಂತಾನ್ರಿ?" ಯಾರೋ ಅರ್ಧ ಕೇಳಿಸಿಕೊಂಡು, "ಮೂವತ್ತು ಮಂದಿ ಈಶಪ್ಪನ ಮನ್ಯಾಗ ಸಿಕ್ಕಾರಂತ!" ಎಂದು ಉತ್ತರ ಕೂಗಿದರು. ಗುಡ್ಡದ ಮೇಲೆ ಅಳು ಎದ್ದಿತು. ಒಬ್ಬೊಬ್ಬರು ತಮ್ಮ ತಮ್ಮ ಮಂದಿಯನ್ನು ಎಣಿಸತೊಡಗಿದರು. ಎಲ್ಲರಿಗೂ ಒಬ್ಬಿಬ್ಬರು ಕಡಿಮೆ ಬಿದ್ದರು.

ಅಷ್ಟರಲ್ಲಿ ಓಣಿಯಿಂದ ದೇವಕಮ್ಮ ಬಂದಳು. ಕಂಬಳಿಯಲ್ಲಿ ಸುತ್ತಿದ ಡಬ್ಬಿಯನ್ನು ಎದೆಗೆ ಅವಚಿಕೊಂಡು, ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ, ತುಂಬಿದ ಕೊಡ ಹೊತ್ತವಳ ಹಾಗೆ ಬಂದಳು. ಯಾರನ್ನೂ ಕೇಳಲಿಲ್ಲ. ಜೀಪಿನ ಹತ್ತಿರ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದಳು. ಶಹಾಪುರದಿಂದ ಓಡಿಬಂದ ಇಂಜಿನ್ನು ಇನ್ನೂ ಬಿಸಿಯಾಗಿತ್ತು. ಕಂಬಳಿ ಹಾಸಿ ಡಬ್ಬಿಯನ್ನು ಅದರ ಮೇಲೆ ಇಟ್ಟಳು.

"ಏ ತಾಯಿ, ಸರಕಾರಿ ಗಾಡಿ ಅದು!" ಎಂದರು ಸಾಹೇಬರು.

"ಗೊತ್ತದರಿ. ಚಾಲೂ ಮಾಡಸ್ರಿ. ಕಾವು ಇಳ್ಯಾಕತ್ತದ."

"ಏನದು?"

"ಗೌಜಲ ಹಕ್ಕಿ ಮೊಟ್ಟೀರಿ. ಇವತ್ತ ಒಡಿಯೋ ದಿನ."

ಸಾಹೇಬರು ಮೊಬೈಲಿನ ಫೋಟೋ ನೋಡಿದರು. ತಿರುವುವುದು ಬಂದ್. ನೀರು ಜಾಸ್ತಿ. ಇಪ್ಪತ್ತಕ್ಕೆ ಒಡೆಯುತ್ತದೆ. ಡಬ್ಬಿ ನೋಡಿದರು. ಮತ್ತೆ ಫೋಟೋ ನೋಡಿದರು. ಆಮೇಲೆ ಉಸುಕಿನ ಚೀಲಗಳನ್ನು, ಜೆಸಿಬಿಯನ್ನು, ಗುಡ್ಡದ ಮೇಲಿನ ಗ್ರೈಂಡರನ್ನು ನೋಡಿದರು. ಕರೆಂಟು ಹಾಕಿಸಲು ಲೈನ್‌ಮನ್‌ಗೆ ಫೋನ್ ಹಚ್ಚಿದರೆ ಆತ ಕಾಲುವೆ ಒಡೆಯುವ ಭಯಕ್ಕೆ ಹೆಂಡತಿ ಮಕ್ಕಳನ್ನು ಬೈಕಿನ ಮೇಲೆ ಕೂಡಿಸಿಕೊಂಡು ಸುರಪುರದ ದಾರಿ ಹಿಡಿದಿದ್ದ. ಫೋನು ಹತ್ತಲಿಲ್ಲ.

ಜೀಪಿನ ಡ್ರೈವರ್ ಮಾತ್ರ ಸಾಹೇಬರ ಅಪ್ಪಣೆಗೆ ಕಾಯಲಿಲ್ಲ. ಆತನ ಮನೆಯಲ್ಲೂ ಕೋಳಿಗಳಿದ್ದವು. ಇಂಜಿನ್ ಚಾಲೂ ಮಾಡಿದ.

ಸುದ್ದಿ ಗುಡ್ಡ ಮುಟ್ಟಿತು. ಊರು ಇಳಿದು ಬಂತು. ಸಿಟ್ಟಿನಿಂದಲೇ ಬಂತು, ಆದರೆ ಜೀಪಿನ ಹತ್ತಿರ ಬರುತ್ತಲೇ ಎಲ್ಲರ ಕಾಲೂ ನಿಧಾನವಾದವು. ಗಾಜಿನ ಕೆಳಗೆ ಒಂದು ಚುಕ್ಕೆಯ ಮೊಟ್ಟೆ ಹೊರಳಾಡುತ್ತಿತ್ತು. ಬಿರುಕು ಸುತ್ತಲೂ ಹರಿಯಿತು, ಟೋಪಿ ಕಳಚಿದಂತೆ ಮೇಲಿನ ತುಂಡು ಬಿತ್ತು, ಒದ್ದೆಯಾದ ಒಂದು ಜೀವ ಹೊರಗೆ ಬಿದ್ದು ಕಾಲು ಝಾಡಿಸಿತು. ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟಿತ್ತು. ಎದ್ದು ನಿಂತಿತು, ಬಿತ್ತು, ಮತ್ತೆ ಎದ್ದು ಇನ್ನೊಂದು ಮೊಟ್ಟೆಯ ಮೇಲೆ ಹತ್ತಿ ಜೋಲಿ ಹೊಡೆಯಿತು.

ಕರೆಮ್ಮ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಇದು ಒಡೀತದಂತ ನಾ ಇಪ್ಪತ್ತು ಚೀಲ ಮಾಳಿಗಿಗೆ ಹೊತ್ತೆನೇನು?"

"ನನಗ ಮೊದಲನೇ ಪಾಲು ಅಂದಿದ್ದು ಇದ ಏನ್ರಿ ಕಾಕಾ?" ಎಂದ ಹುಲಗಪ್ಪ.

ಈಶಪ್ಪನ ಕಣ್ಣು ಮೀಟರಿನ ಮೇಲೆ ಇತ್ತು. ಎರಡನೆಯದು ಒಡೆಯಿತು. ಮೂರನೆಯದು. ಕಾವು ಇಳಿದಾಗ ಈಶಪ್ಪ ಬೆರಳು ಎತ್ತುತ್ತಿದ್ದ, ಡ್ರೈವರ್ ಆಕ್ಸಿಲರೇಟರ್ ಒತ್ತುತ್ತಿದ್ದ. ಏರಿದಾಗ ಅಂಗೈ ತೋರಿಸುತ್ತಿದ್ದ, ಡ್ರೈವರ್ ಬಿಡುತ್ತಿದ್ದ. ಮಧ್ಯಾಹ್ನ ಒಂದರ ಹೊತ್ತಿಗೆ ಒಂಬತ್ತು ಮರಿ ಹೊರಗೆ ಬಂದಿದ್ದವು. ಊರವರು ಒಂದೊಂದಕ್ಕೂ "ಹಾ" ಎನ್ನುತ್ತಿದ್ದರು. ತಿಮ್ಮಣ್ಣ ಮೊಬೈಲಿನಲ್ಲಿ "ಕಾಲುವೆ ಒಡೆದಿಲ್ಲ, ಒಂಬತ್ತು ಮರಿ" ಎಂದು ಕಳಿಸಿದ. ನಾಲ್ಕು ಊರಿನವರು ಅವನ ತಲೆ ಕೆಟ್ಟಿದೆ ಎಂದು ತಿಳಿದರು.

ಸಾಹೇಬರ ಸಿಟ್ಟು ಕೊನೆಗೆ ಹೊರಬಂತು. ಬಂದದ್ದು ಒಮ್ಮೆಲೇ ಬಂತು.

"ಈಶಪ್ಪ! ಸರಕಾರಿ ಬಾಗಲ ಮ್ಯಾಲ ನಿನ್ನ ಮನಿ ಮೊಟ್ಟಿ ಲೆಕ್ಕ ಬರೀತಿ? ನಾಲ್ಕು ಊರಿಗೆ ಊರೇ ಗುಡ್ಡ ಹತ್ತಸ್ತಿ? ಮ್ಯಾಲಿನ ಸಾಹೇಬ್ರು ನನಗ ಮುಂಜಾನಿಂದ ಹನ್ನೊಂದು ಫೋನ್ ಮಾಡ್ಯಾರ. ನಾಳಿ ಕ್ಯಾಂಪಿಗೆ ಬಂದು ಗೇಟಿನ ಬೀಗದಕೈ ಒಪ್ಪಸು. ನಿನ್ನ ಬರವಣಿಗಿ ಮ್ಯಾಲ ಇನ್ನ ಯಾರಿಗಿ ನಂಬಿಕಿ ಇರ್ತದ?"

ಮರಿಯಾದವು, ಆದರೆ ನೌಕರಿ ಹೋಯಿತು. ಊರವರಲ್ಲಿ ಯಾರೂ ಅವನ ಪರ ಮಾತಾಡಲಿಲ್ಲ, ಮಾತಾಡುವುದಕ್ಕೆ ಏನಿತ್ತು? ಆತ ತಲೆ ತಗ್ಗಿಸಿ ಸೊಂಟದ ಬೀಗದಕೈಗೆ ಕೈ ಹಾಕಿದ.

ಡಬ್ಬಿಯ ಆಚೆ ಬದಿಯಿಂದ ದೇವಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು.

"ಸಾಹೇಬ್ರ, ಒಂದು ಮಾತು ಕೇಳಲೇನ್ರಿ? ಹೋದ ವರ್ಷ ಅದೇ ಬಾಗಲಿಗಿ ಆಗಸ್ಟ್ ಹತ್ತಕ್ಕ ನೀರು ಅಂತ ಬರಸಿದ್ರಿ. ಯಾವಾಗ ಬಂತ್ರಿ?"

ಗುಂಪಿನಲ್ಲಿ ಯಾರೋ "ಗಣಪತಿ ಕಳಿಸಿದ ಮ್ಯಾಲ" ಎಂದರು.

"ನವೆಂಬರ್ ಒಂದಕ್ಕ ಏರಿ ರಿಪೇರಿ ಅಂತ ಬರಸಿದ್ರಿ. ಆತೇನ್ರಿ?"

"ಅದು... ಟೆಂಡರ್..."

"ನನ್ನ ಗಂಡ ಇಪ್ಪತ್ತಕ್ಕ ಒಡೀತದಂತ ಬರದ. ಇವತ್ತ ತಾರೀಖು ಎಷ್ಟ್ರಿ? ಒಡೀತೋ ಇಲ್ಲೋ? ಆ ಬಾಗಲ ಹಚ್ಚಿದಾಗಿಂದ ಅದರ ಮ್ಯಾಲ ಬರದದ್ದು ಬರದ ದಿನಕ್ಕ ಆಗಿದ್ದು ಇದೊಂದೇ ನೋಡ್ರಿ. ಈಗ ಹೇಳ್ರಿ, ಯಾರ ಬರವಣಿಗಿ ಮ್ಯಾಲ ನಂಬಿಕಿ ಇಡಬೇಕು?"

ಮೊದಲು ನಕ್ಕವಳು ಕರೆಮ್ಮ. ಆಮೇಲೆ ಹುಲಗಪ್ಪ, ಆಮೇಲೆ ತಿಮ್ಮಣ್ಣ, ಆಮೇಲೆ ಜೆಸಿಬಿಯವನು. ನಗು ಏರಿಯುದ್ದಕ್ಕೂ ಹರಡಿತು. ಈಶಪ್ಪ ಮಾತ್ರ ನಗಲಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ದೇವಕಮ್ಮ ನಾಲ್ಕು ಜನರ ಎದುರು "ನನ್ನ ಗಂಡ" ಎಂದು ಎದೆಯುಬ್ಬಿಸಿ ಹೇಳಿದ್ದು ಅದೇ ಮೊದಲು. ಆತನಿಗೆ ಕಣ್ಣು ತುಂಬಿ ಬಂತು. ಮೀಟರಿನ ಅಂಕಿ ಕಾಣದಂತಾಗಿ ಬೆರಳು ಎತ್ತುವುದನ್ನೂ ಮರೆತ.

ಸಾಹೇಬರು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಬಗ್ಗಿ ಗಾಜಿನೊಳಗೆ ನೋಡುತ್ತ ನಿಂತರು. ನೋಡುತ್ತಲೇ ನಿಂತರು.

ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಸಾಹೇಬ್ರ, ಗಾಡಿ ಬಂದ್ ಮಾಡ್ಲೇನ್ರಿ?"

"ಸುಮ್ಮ ಇರೋ" ಎಂದರು ಸಾಹೇಬರು, ತಲೆ ಎತ್ತದೆ. "ಇನ್ನೂ ಎರಡು ಒಡಿಯೋವು ಅದಾವ."